ಎಡಗಡೆ ಹೊಳ್ಳೆಯ ವಾಸನೆ

ಕೇಳುಗರಿಗೆ ನಮಸ್ಕಾರ.

ಕಳೆದ ಸುಗ್ಗಿಯಲ್ಲಿ ಪಾಂಡವಪುರದ ಕಡೆಯ ಅಮ್ಮ ಒಬ್ಬರು ಮಂಡ್ಯದ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದಿದ್ದರು. ಆಲೆಮನೆ ನಡೆಸುವ ಮನೆಯವರು. "ಬೆಲ್ಲ ಕುದಿಯೋವಾಗ್ಲೂ ನನ್ನ ಮೂಗಿಗೆ ಕೊಳೆತ ವಾಸ್ನೆ ಬತ್ತದೆ ಡಾಕ್ಟ್ರಮ್ಮ, ಅದೂ ಎಡಗಡೆ ಹೊಳ್ಳೇಲಿ ಮಾತ್ರ" ಅಂದರು. ನೆಗಡಿ ಅಂದುಕೊಂಡು ನಾಲ್ಕು ತಿಂಗಳು ಮಾತ್ರೆ ನುಂಗಿದ್ದರು, ಹಬೆ ತಗೊಂಡಿದ್ದರು. ಬಾಯಿ ತೆಗೆಸಿ ನೋಡಿದೆ. ಎಡಗಡೆ ಮೇಲಿನ ದವಡೆ ಹಲ್ಲೊಂದರ ಸುತ್ತ ವಸಡು ಊದಿತ್ತು. ಬೆರಳಿಂದ ಒತ್ತಿದರೆ ಕೀವು. ಹಲ್ಲು ಅಲ್ಲಾಡುತ್ತಿತ್ತು.

ಹಲ್ಲಿಗೂ ಮೂಗಿಗೂ ಏನು ನಂಟು ಅಂತೀರಾ? ನಮ್ಮ ಕೆನ್ನೆಯ ಹಿಂದೆ, ಮೇಲಿನ ದವಡೆಯ ಮೂಳೆಯೊಳಗೆ ಗಾಳಿ ತುಂಬಿದ ಒಂದು ಕೋಣೆ ಇದೆ. ಸೈನಸ್ ಅಂತೀವಲ್ಲ, ಅದೇ. ಅದರ ಬಾಗಿಲು ತೆರೆಯುವುದು ಮೂಗಿನೊಳಕ್ಕೆ. ಅದರ ನೆಲದ ಕೆಳಗೇ ಮೇಲಿನ ದವಡೆ ಹಲ್ಲುಗಳ ಬೇರು. ನಡುವಿನ ಮೂಳೆ ಕೆಲವರಲ್ಲಿ ಕಾಗದದಷ್ಟು ತೆಳು. ವಸಡಿನ ಕಾಯಿಲೆ ಮೂಳೆಯನ್ನು ತಿನ್ನುತ್ತಾ ಹೋದರೆ ಆ ಕೋಣೆಯ ಒಳಪೊರೆಯೂ ಊದಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿ ನೋಡಿದ ಸಂಶೋಧಕರಿಗೆ, ಹಲ್ಲಿನ ಸುತ್ತ ಮೂಳೆ ಸವೆದವರಲ್ಲಿ ಈ ಪೊರೆ ದಪ್ಪಗಾಗಿರುವುದು ಜಾಸ್ತಿ ಕಂಡಿದೆ. ಮಾಮೂಲಿ ನೆಗಡಿ ಸಾಮಾನ್ಯವಾಗಿ ಎರಡೂ ಕಡೆ ಕಾಡುತ್ತದೆ. ಒಂದೇ ಹೊಳ್ಳೆ, ಕೆಟ್ಟ ವಾಸನೆ, ವಾರಗಟ್ಟಲೆ ಅಂದರೆ ಮೂಗಿನ ಡಾಕ್ಟರ ಜೊತೆ ಹಲ್ಲಿನ ಡಾಕ್ಟರಿಗೂ ತೋರಿಸಿ.

ಮೂಗಿನ ತೊಂದರೆ ಬಾಯಿಗೂ ಇಳಿಯುತ್ತದೆ. ಮೂಗು ಕಟ್ಟಿದ ಮಕ್ಕಳು ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡುತ್ತವೆ. ಮೇಲಿನ ಮುಂದಿನ ವಸಡು ಒಣಗಿ ಕೆಂಪಾಗುತ್ತದೆ.

ನನ್ನನ್ನು ನಿಜಕ್ಕೂ ನೋಯಿಸುವ ಮಾತೊಂದಿದೆ. "ರಕ್ತ ಬರುತ್ತೆ ಅಂತ ಆ ಕಡೆ ಉಜ್ಜೋದೇ ಬಿಟ್ಟಿದೀನಿ." ಉಜ್ಜದೆ ಬಿಟ್ಟ ಜಾಗದಲ್ಲೇ ಪಾಚಿ ಕೂರುತ್ತದೆ, ರಕ್ತ ಇನ್ನೂ ಜಾಸ್ತಿ ಆಗುತ್ತದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ವಸಡಿನ ಸಂಶೋಧಕ ಹರಾಲ್ಡ್ ಲೋ ಮತ್ತು ಜೊತೆಗಾರರು ಇದನ್ನು ತೋರಿಸಿಕೊಟ್ಟರು. ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದರು, ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಂದರೆ ಶುರುವಿನಲ್ಲೇ ಹಿಡಿದರೆ ವಸಡು ಮೊದಲಿನ ಹಾಗೇ ಆಗುತ್ತದೆ. ಮೂಳೆ ಕರಗಿದ ಮೇಲೆ ಅದು ತಾನಾಗಿ ಬೆಳೆಯುವುದಿಲ್ಲ.

ಬೀಡಿ ಸೇದುವವರು "ನನಗೆ ರಕ್ತ ಬರೋದೇ ಇಲ್ಲ" ಅಂತ ನೆಮ್ಮದಿಯಾಗಿರುತ್ತಾರೆ. ಹೊಗೆಸೊಪ್ಪು ವಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕಾಯಿಲೆ ಒಳಗೊಳಗೇ ನಡೆಯುತ್ತಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರಂತೂ ವಸಡು ತೋರಿಸಲೇಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಆ ಅಮ್ಮನ ಹಲ್ಲು ಕೀಳಲೇಬೇಕಾಯಿತು. ಮೂಗಿನ ಡಾಕ್ಟರೂ ಔಷಧಿ ಕೊಟ್ಟರು, ವಾಸನೆ ಹೋಯಿತು. "ಮೊದ್ಲೇ ಬಂದಿದ್ರೆ ಉಳೀತಿತ್ತಾ?" ಅಂತ ಕೇಳಿದರು. ಉಳಿಯುತ್ತಿತ್ತಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಮುಂದಿನ ವಾರ ಸೊಸೆಯನ್ನು ಕರಕೊಂಡು ಬಂದರು. ಆ ಹುಡುಗಿಗೆ ಉಜ್ಜುವಾಗ ರಕ್ತ ಬರುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ನೋಡಿದೆ, ಮೂಳೆ ಗಟ್ಟಿಯಾಗಿತ್ತು. ಕ್ಲೀನ್ ಮಾಡಿ, ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿಯುವುದನ್ನು ಕನ್ನಡಿ ಮುಂದೆ ತೋರಿಸಿಕೊಟ್ಟೆ. ಅತ್ತೆಯೂ ಪಕ್ಕದಲ್ಲೇ ನಿಂತು ಕಲಿತರು.