ಕಾರ್ಡಿನ ಮೇಲೆ ಗಂಡನ ಹೆಸರು

ನಮಸ್ಕಾರ. ಈ ಫೋಟೋಗಳನ್ನು ಒಂದು ನಿಮಿಷ ಸುಮ್ನೆ ನೋಡಿ. ಮತದಾನದ ಹಕ್ಕಿಗಾಗಿ ಲಂಡನ್‌ನಲ್ಲಿ ಬೀದಿಗಿಳಿದ ಹೆಂಗಸರು ಇವರು. ದೊಡ್ಡ ಟೋಪಿ, ಎದೆಯ ಮೇಲೆ ಅಡ್ಡಪಟ್ಟಿ, ಕೈಯಲ್ಲಿ ಬಾವುಟ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ಕಣ್ಣು. ಪರಿಚಯದವರನ್ನು ಕಂಡ ಹಾಗೆ ಕ್ಯಾಮೆರಾ ಕಡೆಗೇ ನೋಡುತ್ತಿದ್ದಾರೆ, ಅಲ್ವಾ?

ಕ್ಯಾಮೆರಾ ಹಿಂದೆ ಇದ್ದವರೂ ಒಬ್ಬ ಹೆಂಗಸೇ. ಹೆಸರು ಕ್ರಿಸ್ಟಿನಾ ಬ್ರೂಮ್. ಹುಟ್ಟಿದ್ದು 1862ರಲ್ಲಿ, ಲಂಡನ್‌ನ ಚೆಲ್ಸಿಯಲ್ಲಿ. ಗಂಡ ಆಲ್ಬರ್ಟ್‌ಗೆ ಕ್ರಿಕೆಟ್ ಆಡುವಾಗ ಕಾಲಿಗೆ ಜೋರು ಪೆಟ್ಟಾಗಿತ್ತು. ಮನೆಯವರ ಕಬ್ಬಿಣದ ಸಾಮಾನಿನ ಅಂಗಡಿಯೂ ಮುಳುಗಿತು. 1903ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಕ್ರಿಸ್ಟಿನಾ ಒಂದು ಬಾಕ್ಸ್ ಕ್ಯಾಮೆರಾ ಎರವಲು ತಂದು ಫೋಟೋ ತೆಗೆಯುವುದನ್ನು ತಾವೇ ಕಲಿತರು. ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ.

ತೆಗೆದದ್ದನ್ನು ಪೋಸ್ಟ್‌ಕಾರ್ಡ್ ಮಾಡಿ ಬಕಿಂಗ್‌ಹ್ಯಾಮ್ ಅರಮನೆಯ ಕುದುರೆ ಲಾಯದ ಹತ್ತಿರ ಮಾರುತ್ತಿದ್ದರು. ಮಗಳು ವಿನಿಫ್ರೆಡ್ ಶಾಲೆ ಬಿಟ್ಟು ಅಮ್ಮನ ಜೊತೆ ನಿಂತಳು, ಪ್ರಿಂಟ್ ಹಾಕುವುದು ಅವಳ ಕೆಲಸ. ಕಾರ್ಡಿನ ಮೇಲಿನ ಬರಹ ಆಲ್ಬರ್ಟ್ ಅವರದು, ಅಕ್ಷರ ಮುದ್ದಾಗಿವೆ.

ಬ್ರೂಮ್ ಐದಡಿಗಿಂತ ಕಡಿಮೆ ಎತ್ತರ. ಅಂಥವರು ಭಾರದ ಕ್ಯಾಮೆರಾ, ಟ್ರೈಪಾಡ್, ಜೊತೆಗೆ ಚಿತ್ರ ಮೂಡುವ ಗಾಜಿನ ಪ್ಲೇಟುಗಳನ್ನು ಸಾಗಿಸಿಕೊಂಡು ಮೆರವಣಿಗೆಗಳಿಗೆ ಹೋಗುತ್ತಿದ್ದರು. ಗಾಜು ಅಂದರೆ ಯೋಚಿಸಿ. ಅಷ್ಟು ಜನಜಂಗುಳಿಯಲ್ಲಿ ಯಾರದೋ ಮೊಣಕೈ ತಾಗಿದರೂ ಆ ದಿನದ ದುಡಿಮೆ ಚೂರುಚೂರು. ನನಗೆ ಮೈ ಜುಮ್ಮೆನ್ನುತ್ತದೆ.

1909ರ ಮೇ ತಿಂಗಳಲ್ಲಿ ನೈಟ್ಸ್‌ಬ್ರಿಜ್‌ನ ಪ್ರಿನ್ಸಸ್ ಸ್ಕೇಟಿಂಗ್ ರಿಂಕ್‌ನಲ್ಲಿ ಹೋರಾಟಗಾರ್ತಿಯರು ದೊಡ್ಡ ಪ್ರದರ್ಶನ ಇಟ್ಟರು. ಅವರನ್ನು ಹಾಕುತ್ತಿದ್ದ ಜೈಲು ಕೋಣೆ ಹೇಗಿತ್ತೋ ಹಾಗೆಯೇ ಒಂದನ್ನು ಅಲ್ಲಿ ಕಟ್ಟಿ ತೋರಿಸಿದರು. ಚಳವಳಿಗೆ ಹಣ ಕೂಡಿಸಲು ಮಳಿಗೆಗಳೂ ಇದ್ದವು. ಬ್ರೂಮ್ ಅಲ್ಲಿಗೂ ಹೋದರು. ಪೊಲೀಸರು ಎಳೆದೊಯ್ಯುವ ಹೆಂಗಸರ ಚಿತ್ರ ನಾವೆಲ್ಲ ಜಾಸ್ತಿ ನೋಡಿದ್ದೇವೆ. ಬ್ರೂಮ್ ಅವರ ಕಾರ್ಡುಗಳಲ್ಲಿ ಸಿಗುವುದು ಅದೇ ಹೆಂಗಸರು ನೆಟ್ಟಗೆ ನಿಂತ, ಕೆಲಸ ಮಾಡುವ ಗಳಿಗೆ. ನನಗೆ ಅವು ಹೆಚ್ಚು ಬೇಕಾದವು.

ಏಳು ವರ್ಷದ ಮೇಲೆ, 1916ರಲ್ಲಿ, ಅದೇ ರಿಂಕ್‌ನಲ್ಲಿ ಯುದ್ಧಕಾಲದ ಹೆಂಗಸರ ದುಡಿಮೆ ಬಗ್ಗೆ ಇನ್ನೊಂದು ಪ್ರದರ್ಶನ. ಈ ಸಲ ಬ್ರೂಮ್ ಅವರದ್ದೇ ಒಂದು ಮಳಿಗೆ. ತಮ್ಮ ಕಾರ್ಡುಗಳ ನಡುವೆ ಅವರೇ ನಿಂತ ಫೋಟೋ ಉಳಿದಿದೆ. ಆಲ್ಬರ್ಟ್ ತೀರಿಕೊಂಡು ಆಗಲೇ ನಾಲ್ಕು ವರ್ಷ. ಆದರೂ ಕ್ರಿಸ್ಟಿನಾ ವ್ಯಾಪಾರಕ್ಕೆ ಇಟ್ಟುಕೊಂಡಿದ್ದ ಹೆಸರು ಬದಲಾಗಿರಲಿಲ್ಲ: ಮಿಸೆಸ್ ಆಲ್ಬರ್ಟ್ ಬ್ರೂಮ್.