ಮಾಸೆರ್: ಊಟೆಯ ನೀರು ಮತ್ತು ಬಾರ್ಬರೊ ಮನೆತನ

ಮಾನ್ಯರೇ,

16ನೆಯ ಶತಮಾನದ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊ ಕಟ್ಟಿದ ಮನೆಗಳ ಮಾತು ಬಂದಾಗಲೆಲ್ಲ ಚರ್ಚೆ ಕಂಬಗಳ ಸಾಲು, ಮುಖಭಾಗ, ಅಳತೆಗಳ ಹೊಂದಾಣಿಕೆಗಳಲ್ಲೇ ಮುಗಿದುಹೋಗುತ್ತದೆ. ವೆನೆಟೊ ಪ್ರಾಂತದ ಮಾಸೆರ್ ಗ್ರಾಮದ ಬಾರ್ಬರೊ ವಿಲ್ಲಾವನ್ನು ಮುಂಬಾಗಿಲಿನಿಂದ ನೋಡಲಾರಂಭಿಸುವುದೇ ತಪ್ಪು, ಅದನ್ನು ಹಿತ್ತಿಲಿನಿಂದ, ಗುಡ್ಡದ ಬುಡದಲ್ಲಿ ಉಕ್ಕುವ ಊಟೆಯಿಂದ ನೋಡಬೇಕು ಎಂಬುದನ್ನು ತಮ್ಮ ಮುಂದಿಡಲು ನಾನು ಇಂದು ನಿಂತಿದ್ದೇನೆ.

ಬಾರ್ಬರೊಗಳು ವೆನಿಸ್ ಗಣರಾಜ್ಯದ ಶ್ರೀಮಂತ ಕುಲೀನರು. ಜೊಸಾಫಾತ್ ಬಾರ್ಬರೊ 15ನೆಯ ಶತಮಾನದಲ್ಲಿ ಪರ್ಷಿಯಾದವರೆಗೆ ಹೋಗಿಬಂದವನು. ವಿದ್ವಾಂಸನಾದ ಎರ್ಮೊಲಾವೊ ರೋಮಿನಲ್ಲಿ ರಾಯಭಾರಿಯಾಗಿದ್ದಾಗ, 1491ರಲ್ಲಿ, ಪೋಪ್ ಕೊಟ್ಟ ಅಕ್ವಿಲೇಯಾದ ಪೇಟ್ರಿಯಾರ್ಕ್, ಅಂದರೆ ಹಿರಿಯ ಧರ್ಮಾಧ್ಯಕ್ಷನ ಪದವಿಯನ್ನು ಗಣರಾಜ್ಯದ ಅಪ್ಪಣೆಯಿಲ್ಲದೆ ಒಪ್ಪಿಕೊಂಡ. ಆ ಒಂದು ಒಪ್ಪಿಗೆಗೆ ದೇಶಭ್ರಷ್ಟನಾಗಿ 1493ರಲ್ಲಿ ಅಲ್ಲೇ ತೀರಿಕೊಂಡ. ಅದೇ ಕುಲದ ಡಾನಿಯೇಲೆ 1550ರಲ್ಲಿ ಅದೇ ಪದವಿಗೆ ಉತ್ತರಾಧಿಕಾರಿಯಾಗಿ ಆಯ್ಕೆಯಾದರೂ, ಪೀಠದಲ್ಲಿದ್ದ ಗ್ರಿಮಾನಿ ಅವನಿಗಿಂತ ಹೆಚ್ಚು ಕಾಲ ಬದುಕಿದ್ದರಿಂದ ಅದನ್ನು ಏರಲೇ ಇಲ್ಲ. ಈ ಡಾನಿಯೇಲೆ ಮತ್ತು ಅವನ ತಮ್ಮ ಮಾರ್ಕಾಂತೋನಿಯೊ ಸೇರಿ ಮಾಸೆರ್‌ನ ಮನೆಯನ್ನು 1550ರ ದಶಕದಲ್ಲಿ ಕಟ್ಟಿಸಿದರು.

ಕಡಲನ್ನು ನಂಬಿದ್ದ ಜನ ನೆಲದ ಕಡೆಗೆ ಏಕೆ ತಿರುಗಿದರು? 1498ರಲ್ಲಿ ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಗೆ ಬಂದಿಳಿದದ್ದು ವೆನಿಸ್‌ನ ಮೆಣಸಿನ ವ್ಯಾಪಾರವನ್ನು ಅಲುಗಿಸಿತ್ತು ಎಂಬುದು ಒಂದು ಕಾರಣ. ಅದಕ್ಕಿಂತ ಹತ್ತಿರದ ಕಾರಣ ದವಸದ್ದು. ಪಾಳುಭೂಮಿಯನ್ನು ಸಾಗುವಳಿಗೆ ತರಲು ಗಣರಾಜ್ಯವು 1556ರಲ್ಲಿ ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿತು. ಅದೇ ವರ್ಷ ಡಾನಿಯೇಲೆ ಪ್ರಾಚೀನ ರೋಮಿನ ವಿಟ್ರೂವಿಯಸ್‌ನ ವಾಸ್ತುಗ್ರಂಥವನ್ನು ಇಟಾಲಿಯನ್ನಿಗೆ ತಂದು, ವ್ಯಾಖ್ಯಾನ ಬರೆದು, ಪಲ್ಲಾಡಿಯೊನ ಚಿತ್ರಗಳೊಂದಿಗೆ ಪ್ರಕಟಿಸಿದ. ಆ ಗ್ರಂಥದ ಎಂಟನೆಯ ಭಾಗವಿಡೀ ನೀರಿನ ಕುರಿತದ್ದು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಪಲ್ಲಾಡಿಯೊ 1570ರ ತನ್ನ ಗ್ರಂಥದಲ್ಲಿ ಈ ಮನೆಯನ್ನು ವರ್ಣಿಸುವಾಗ ನೀರಿನ ಬೆನ್ನು ಹತ್ತಿಯೇ ಹೋಗುತ್ತಾನೆ. ಗುಡ್ಡ ಕಡಿದು ಮಾಡಿದ, ಗಾರೆಶಿಲ್ಪಗಳ ಮಂಟಪದಿಂದ ಹೊರಟ ನೀರು ಮೊದಲು ಮೀನಿನ ಕೊಳವಾಗುತ್ತದೆ, ಅಲ್ಲಿಂದ ಅಡುಗೆಮನೆಗೆ ಹೋಗುತ್ತದೆ, ದಾರಿಯ ಎರಡೂ ಬದಿಯ ಕೈತೋಟಗಳನ್ನು ತೋಯಿಸುತ್ತದೆ, ಊರದಾರಿಯ ಅಂಚಿನಲ್ಲಿ ದನಕರುಗಳು ಕುಡಿಯುವ ತೊಟ್ಟಿಗಳನ್ನು ತುಂಬಿ ಕೊನೆಗೆ ಹಣ್ಣಿನ ತೋಟಕ್ಕೆ ಇಳಿಯುತ್ತದೆ. ದೇವತೆಗಳ ಪ್ರತಿಮೆಗಳ ಪಾದ ತೊಳೆದ ನೀರೇ ದನದ ಬಾಯಿಗೂ ತಲುಪುತ್ತದೆ! ಎರಡೂ ಕಡೆಯ ಉದ್ದನೆಯ ರೆಕ್ಕೆಗಳ ತುದಿಯಲ್ಲಿ ಪಾರಿವಾಳದ ಗೂಡುಗಳಿವೆ. ಅವುಗಳ ಕೆಳಗೆ ದ್ರಾಕ್ಷಾರಸ ತಯಾರಿಸುವ ಜಾಗ, ಲಾಯ. ಇದನ್ನು ವಿಲಾಸಭವನ ಎಂದು ಕರೆಯುವವರೊಂದಿಗೆ ನನ್ನ ತಕರಾರು ಇರುವುದು ಇಲ್ಲಿಯೇ: ಇದು ಬೇಸಾಯದ ಮನೆ.

ಹಾಗೆಂದು ಈ ಮನೆಯೊಳಗೆ ಚಿತ್ರಕಾರ ವೆರೊನೇಸೆ ಬರೆದ ಭಿತ್ತಿಚಿತ್ರಗಳನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗದು. ನಡುಮನೆಯ ಛಾವಣಿಯಲ್ಲಿ ಒಲಿಂಪಸ್ಸಿನ ದೇವತೆಗಳು ನೆರೆದಿದ್ದಾರೆ. ಅವರ ಕೆಳಗೆ, ಬಣ್ಣದಲ್ಲೇ ಮೂಡಿದ ಉಪ್ಪರಿಗೆಯ ಕಟಾಂಜನಕ್ಕೆ ಒರಗಿ, ಮಾರ್ಕಾಂತೋನಿಯೊನ ಹೆಂಡತಿ ಜುಸ್ತಿನಿಯಾನಾ ದಾದಿಯ ಜೊತೆ ನಿಂತು ನೋಡುತ್ತಾಳೆ, ಬಳಿಯಲ್ಲಿ ಗಿಳಿ, ಪುಟ್ಟ ನಾಯಿ. ಮನೆಗೆ ಯಾರು ಬಂದರು ಎಂದು ನೋಡಲು ಬಂದ ಗೃಹಿಣಿಯ ನೋಟ ಅದು. ಮತ್ತೊಂದೆಡೆ ಇಲ್ಲದ ಬಾಗಿಲನ್ನು ಅರೆ ತೆರೆದು ಪುಟ್ಟ ಹುಡುಗಿಯೊಬ್ಬಳು ಇಣುಕುತ್ತಾಳೆ. ಯಾರೋ ಬಿಟ್ಟುಹೋದಂತೆ ಒಂದು ಜೊತೆ ಪಾದರಕ್ಷೆಯೂ ಚಿತ್ರದಲ್ಲಿದೆ. ಇಷ್ಟೆಲ್ಲ ಇದ್ದೂ ಪಲ್ಲಾಡಿಯೊನ ವರ್ಣನೆಯಲ್ಲಿ ವೆರೊನೇಸೆಯ ಹೆಸರೇ ಇಲ್ಲ. ಚಿತ್ರಕಾರನನ್ನು ಬಿಟ್ಟವನು ದನದ ತೊಟ್ಟಿಯನ್ನು ಬಿಡಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ಆ ದೇವತೆಗಳ ಕೋಣೆಯ ಬಾಗಿಲು ತೆರೆಯುವುದೂ ಹಿತ್ತಿಲ ಕೊಳದ ಕಡೆಗೇ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಲೆಪಾಂಟೊ ನೌಕಾಕದನದ ನಂತರ, 1573ರಲ್ಲಿ, ಆಟೊಮನ್ ತುರ್ಕರೊಂದಿಗೆ ವೆನಿಸ್‌ನ ಸಂಧಿ ಮಾಡಿಸಿದವನು ಇದೇ ಮಾರ್ಕಾಂತೋನಿಯೊ; ಅವನು ಕಟ್ಟಿಸಿದ ದುಂಡನೆಯ ಪ್ರಾರ್ಥನಾಮಂದಿರ 1580ರದು, ಪಲ್ಲಾಡಿಯೊ ತೀರಿಕೊಂಡ ವರ್ಷ. ಮನೆ ಹೆಣ್ಣುಮಕ್ಕಳ ಕಡೆಯಿಂದ ಬೇರೆ ಕುಲಗಳಿಗೆ ಸೇರಿತು, 19ನೆಯ ಶತಮಾನದಲ್ಲಿ ಹಾಳುಬಿದ್ದು 1850ರ ನಂತರ ಚೇತರಿಸಿಕೊಂಡಿತು, 1996ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಬಂತು. ಅಲ್ಲಿ ಇಂದಿಗೂ ದ್ರಾಕ್ಷಿ ಬೆಳೆಯುತ್ತದೆ.

ಈಗ ಪಲ್ಲಾಡಿಯೊನ ನಕ್ಷೆಯನ್ನು ತೆರೆಯ ಮೇಲೆ ತೋರಿಸುತ್ತೇವೆ. ಮನೆಯ ಹಿಂದಿರುವ ಊಟೆಯ ಮಂಟಪದ ಅರ್ಧವೃತ್ತದಿಂದ ನೋಡಲು ಆರಂಭಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.