ಮೇಮಂದ್: ಇರಾನಿನ ಈ ಗುಹೆಯೂರು ಎಲ್ಲಿದೆ, ಅಲ್ಲಿ ಜನರೆಷ್ಟು?

[ದೃಶ್ಯ: ಇರಾನಿನ ನಕ್ಷೆ]

ನಮಸ್ಕಾರ. ಇರಾನಿನ ನಕ್ಷೆಯಲ್ಲಿ ಮೇಮಂದ್ ಎಂದು ಹುಡುಕಿದರೆ ಒಂದಕ್ಕಿಂತ ಹೆಚ್ಚು ಊರುಗಳು ಸಿಗುತ್ತವೆ. ಫಾರ್ಸ್ ಪ್ರಾಂತ್ಯದ ಮೇಮಂದ್ ಗುಲಾಬಿಯ ಪನ್ನೀರಿಗೆ ಹೆಸರಾದ ಪಟ್ಟಣ. ಇಂದು ನಾವು ನೋಡಲಿರುವುದು ಕೆರ್ಮಾನ್ ಪ್ರಾಂತ್ಯದ ಪುಟ್ಟ ಹಳ್ಳಿ. ಆದ್ದರಿಂದ ವಿಳಾಸವನ್ನು ಪೂರ್ತಿಯಾಗಿಯೇ ಹೇಳಬೇಕು. ಇರಾನಿನಲ್ಲಿ ಪ್ರಾಂತ್ಯವನ್ನು ಓಸ್ತಾನ್, ಅದರ ಕೆಳಗಿನ ವಿಭಾಗವನ್ನು ಶಹರೆಸ್ತಾನ್, ಅದರೊಳಗಿನದನ್ನು ಬಖ್ಶ್, ಹಳ್ಳಿಗಳ ಗುಂಪನ್ನು ದೆಹೆಸ್ತಾನ್ ಎನ್ನುತ್ತಾರೆ. ನಮ್ಮ ಹಳ್ಳಿಯು ಶಹರ್-ಎ-ಬಾಬಕ್ ಶಹರೆಸ್ತಾನಿನ ಕೇಂದ್ರ ಬಖ್ಶಿನಲ್ಲಿ, ತನ್ನದೇ ಹೆಸರಿನ ದೆಹೆಸ್ತಾನಿಗೆ ಸೇರಿದೆ. ಶಹರ್-ಎ-ಬಾಬಕ್ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರ್ ಸಾಗಿದರೆ, ಮಧ್ಯ ಇರಾನಿನ ಪರ್ವತಸಾಲಿನ ದಕ್ಷಿಣ ತುದಿಯಲ್ಲಿ, ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿ, ಕಣಿವೆಯೊಂದು ಮುಗಿಯುವಲ್ಲಿ ಈ ಊರು ಸಿಗುತ್ತದೆ.

[ದೃಶ್ಯ: ಬಂಡೆಯ ಇಳಿಜಾರಿನಲ್ಲಿ ಸಾಲು ಸಾಲು ಬಾಗಿಲುಗಳು]

ಇಲ್ಲಿನ ಮನೆಗಳನ್ನು ಕಟ್ಟಿಲ್ಲ, ಮೆದು ಬಂಡೆಯನ್ನು ಕೊರೆದು ಮಾಡಿದ್ದಾರೆ. ಇಂಥ ಒಂದು ಮನೆಗೆ ಕೀಚೆ ಎಂದು ಹೆಸರು. ಒಳಗೆ ನೆಲದಲ್ಲೇ ಒಲೆಯ ಗುಂಡಿ ಇರುತ್ತದೆ. ತಲೆಮಾರುಗಳ ಹೊಗೆಯಿಂದ ಗೋಡೆ, ಚಾವಣಿಗಳು ಕರಿ ಹಿಡಿದು ಕಪ್ಪಾಗಿವೆ. ಮಸೀದಿ, ಸ್ನಾನಗೃಹಗಳೂ ಬಂಡೆಯೊಳಗೇ ಇವೆ. ಈ ಗುಹೆಗಳಿಗೆ ಹತ್ತು ಸಾವಿರಕ್ಕೂ ಹೆಚ್ಚು ವರ್ಷವಾಗಿದೆ ಎಂದು ಪ್ರವಾಸಿ ಬರಹಗಳು ಸಲೀಸಾಗಿ ಹೇಳಿಬಿಡುತ್ತವೆ. ಕೊರೆದು ತೆಗೆದ ಜಾಗಕ್ಕೆ ವಯಸ್ಸು ಕಟ್ಟುವುದು ಅಷ್ಟು ಸುಲಭವಲ್ಲವಾದ್ದರಿಂದ ಆ ಮಾತನ್ನು ಎಚ್ಚರಿಕೆಯಿಂದಲೇ ಕೇಳಬೇಕು. ಜನರು ಆಡುವುದು ಪರ್ಶಿಯನ್ ಭಾಷೆಯ ಸ್ಥಳೀಯ ರೂಪವನ್ನು.

[ದೃಶ್ಯ: ಕುರಿ-ಮೇಕೆಗಳ ಹಿಂಡು]

ಇನ್ನು ಜನಸಂಖ್ಯೆ. 2006ರ ಜನಗಣತಿಯ ಪ್ರಕಾರ ಮೇಮಂದಿನಲ್ಲಿ 181 ಕುಟುಂಬಗಳಿದ್ದು, ಒಟ್ಟು 673 ಜನರಿದ್ದರು. ಅಂದರೆ ಕುಟುಂಬವೊಂದಕ್ಕೆ ಸರಾಸರಿ ನಾಲ್ಕಕ್ಕಿಂತ ಕಡಿಮೆ ಜನ. ಆದರೆ ಈ ಸಂಖ್ಯೆಯನ್ನು ಹಾಗೇ ಒಪ್ಪಿಕೊಳ್ಳುವ ಮೊದಲು ಅವರ ವರ್ಷ ಹೇಗೆ ಕಳೆಯುತ್ತದೆ ಎಂಬುದನ್ನು ತಿಳಿಯಬೇಕು, ಏಕೆಂದರೆ ಇವರು ಅರೆ ಅಲೆಮಾರಿ ಪಶುಪಾಲಕರು. ಚಳಿಗಾಲ ಮುಗಿಯುತ್ತಿದ್ದಂತೆ ಹಿಂಡಿನೊಡನೆ ಹೊರಟು ಸರ್-ಎ-ಆಗೋಲ್ ಎಂಬ ಕುರಿಹಟ್ಟಿಗಳಲ್ಲಿ ವಸಂತ ಮುಗಿಯುವವರೆಗೆ ಇರುತ್ತಾರೆ. ಬೇಸಿಗೆ ಮತ್ತು ಶರತ್ಕಾಲದ ಆರಂಭವನ್ನು ಹಂಗಾಮಿ ಹೊಳೆಗಳ ಬಳಿಯ ಸರ್-ಎ-ಬಾಗ್ ಎಂಬ ತೋಟದ ನೆಲೆಗಳಲ್ಲಿ ಕಳೆಯುತ್ತಾರೆ. ಚಳಿ ಬಿದ್ದ ಮೇಲೆ ಗುಹೆಮನೆಗಳಿಗೆ ಮರಳುತ್ತಾರೆ.

2006ರ ಗಣತಿ ನಡೆದದ್ದು ಇರಾನಿ ಪಂಚಾಂಗದ ಆಬಾನ್ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರಿನಲ್ಲಿ, ಚಳಿಗಾಲದ ನೆಲೆಗೆ ಮರಳುವ ಹೊತ್ತಿಗೆ. ವಸಂತದಲ್ಲಿ ಗುಹೆಗಳ ಬಾಗಿಲು ತಟ್ಟಿ ತಲೆ ಎಣಿಸುವವರಿಗೆ 673 ಜನ ಸಿಗುವುದಿಲ್ಲ. ವರ್ಷದುದ್ದಕ್ಕೂ ಅಲ್ಲೇ ಉಳಿಯುವವರು ಕೆಲವರೇ ಆದ್ದರಿಂದ, ಬೇರೆ ಬೇರೆ ಬರಹಗಳಲ್ಲಿ ಕಾಣುವ ಜನಸಂಖ್ಯೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಯಾವ ಕಾಲದ ಎಣಿಕೆ ಎಂಬುದನ್ನು ಮೊದಲು ನೋಡಬೇಕು.

[ದೃಶ್ಯ: ಗುಹೆಗಳು, ತೋಟ, ಹುಲ್ಲುಗಾವಲು ಒಂದೇ ನಕ್ಷೆಯಲ್ಲಿ]

ಊರು ಎಲ್ಲಿದೆ ಎಂಬ ಪ್ರಶ್ನೆಗೂ ಇದೇ ತೊಡಕಿದೆ. ನಕ್ಷೆಯ ಒಂದು ಚುಕ್ಕೆ ಚಳಿಗಾಲದ ಮೇಮಂದನ್ನು ಮಾತ್ರ ತೋರಿಸುತ್ತದೆ. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಈ ಊರನ್ನು ಸೇರಿಸಿದಾಗ ಗುಹೆಮನೆಗಳಿಗಷ್ಟೇ ಗೆರೆ ಎಳೆಯದೆ, ಸುತ್ತಲಿನ ಹಂಗಾಮಿ ನೆಲೆಗಳನ್ನೂ ಒಳಗೊಂಡು ಇಡೀ ಪ್ರದೇಶವನ್ನು ಸಾಂಸ್ಕೃತಿಕ ಭೂದೃಶ್ಯವೆಂದು ಗುರುತಿಸಿತು.